ತಳವಾರಘಟ್ಟದ ಹರಿಗೋಲು

ತುಂಗಭದ್ರೆಯ ಉತ್ತರ ದಂಡೆಯ ಆನೆಗೊಂದಿಯಲ್ಲಿ ತೊಂಬತ್ತರ ದಶಕದಲ್ಲಿ ಓದಿದ ನಮ್ಮ ತಲೆಮಾರಿನವರಿಗೆ ಶಾಲೆಯ ನೆನಪನ್ನು ಹೊಳೆಯ ನೆನಪಿನಿಂದ ಬೇರ್ಪಡಿಸಲಾಗದು. ಕಮಲಾಪುರದ ಕಡೆಯಿಂದ ಬರುತ್ತಿದ್ದ ನಮ್ಮ ಗುರುಗಳು ಆಚೆ ದಡದ ತಳವಾರಘಟ್ಟದಲ್ಲಿ ಹರಿಗೋಲು ಹತ್ತಿದರೆ ಮಾತ್ರ ನಮಗೆ ಗಣಿತದ ಪಾಠ ನಡೆಯುತ್ತಿತ್ತು.

ಬಿದಿರಿನ ದಬ್ಬೆಗಳನ್ನು ದುಂಡಗೆ ಹೆಣೆದು, ಹೊರಮೈಗೆ ತಾಡಪಾಲು ಹೊದಿಸಿ ಡಾಂಬರು ಬಳಿದ ಆ ಹರಿಗೋಲಿನಲ್ಲಿ ಬಾಳೆಗೊನೆ, ಹಾಲಿನ ಕ್ಯಾನು, ಆಡುಮರಿ, ಸೈಕಲ್ಲು, ಬಾಣಂತಿ, ಬೀಗರು ಎಲ್ಲರೂ ಒಟ್ಟಿಗೇ ದಾಟುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿದ್ದು ಚರ್ಮ ಹೊದಿಸಿದ ಇಂಥ ದೋಣಿಗಳು ಹದಿನೈದು ಇಪ್ಪತ್ತು ಜನರನ್ನೂ, ಬೇಕಾದರೆ ಕುದುರೆ ಎತ್ತುಗಳನ್ನೂ ಇಲ್ಲಿ ದಾಟಿಸುತ್ತಿದ್ದವೆಂದು ಬರೆದಿದ್ದಾನೆ. ಇತಿಹಾಸದ ತರಗತಿಯಲ್ಲಿ ಅದನ್ನು ಕೇಳಿದಾಗ ನಮ್ಮೂರಿನ ಅಂಬಿಗರ ಬಗ್ಗೆ ನನಗುಂಟಾದ ಹೆಮ್ಮೆ ಇಂದಿಗೂ ಕಡಿಮೆಯಾಗಿಲ್ಲ.

ಮಳೆಗಾಲದಲ್ಲಿ ಮೇಲೆ ಅಣೆಕಟ್ಟೆಯ ಗೇಟು ತೆರೆದರೆಂದರೆ ನವಬೃಂದಾವನದ ನಡುಗಡ್ಡೆ ಮುಳುಗಿ ದೋಣಿ ನಿಲ್ಲುತ್ತಿತ್ತು. ಯಾವ ಬಂಡೆ ಎಷ್ಟು ಮುಳುಗಿದರೆ ಎಲ್ಲಿ ಸುಳಿ ಏಳುತ್ತದೆ ಎಂಬುದನ್ನು ಬಲ್ಲ ಹಿರಿಯ ಅಂಬಿಗರು ಒಮ್ಮೆ ಹುಟ್ಟು ಮೇಲಿಟ್ಟರೆ, ಊರಿನ ಗೌಡರಾಗಲಿ ಸರ್ಕಾರಿ ಅಧಿಕಾರಿಯಾಗಲಿ ಎದುರಾಡುತ್ತಿರಲಿಲ್ಲ. ಸುಗ್ಗಿಯಲ್ಲಿ ಮನೆಮನೆಯಿಂದ ಅವರಿಗೆ ಭತ್ತ ಸಲ್ಲುತ್ತಿತ್ತು. ಶಾಲೆಯ ಮಕ್ಕಳಿಂದ ಅವರು ಕಾಸು ಪಡೆದದ್ದನ್ನು ನಾನು ಕಾಣೆ.

ಸೇತುವೆಗಾಗಿ ನಮ್ಮ ಹಿರಿಯರು ಬಹಳ ಕಾದರು. ಕಾಮಗಾರಿ ನಡೆದಿರುವಾಗಲೇ, 1999ರಲ್ಲಿ, ಹಂಪಿಯು ಯುನೆಸ್ಕೊದ ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿತು; ಅದಕ್ಕೆ ಈ ಸೇತುವೆಯೂ ಒಂದು ಕಾರಣವಾಗಿತ್ತು. ಕೆಲಸ ನಿಂತು, ಮತ್ತೆ ಆರಂಭವಾಗಿ, 2009ರ ಜನವರಿಯಲ್ಲಿ ಅದು ಕುಸಿದಾಗ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಈಗ ಜನರು ಬೇರೆಡೆ ಕಟ್ಟಿದ ಕಡೇಬಾಗಿಲು–ಬುಕ್ಕಸಾಗರ ಸೇತುವೆಯ ಮೇಲೆ ಓಡಾಡುತ್ತಾರೆ, ಹೆರಿಗೆಗೆ ಹೋಗುವವರು ಹೊಳೆ ಇಳಿಯಲೆಂದು ಕಾಯಬೇಕಾಗಿಲ್ಲ. ಇದು ನಿಜವಾಗಿಯೂ ಸಂತೋಷದ ಸಂಗತಿ.

ಆದರೆ ಹೊಳೆಯನ್ನು ಬಲ್ಲ ಅಂಬಿಗರಿಗೆ ವಯಸ್ಸಾಗಿದೆ. ಈಗಿನ ವಿದ್ಯಾರ್ಥಿಗಳು ಅವರ ಬಳಿ ಕುಳಿತು ಬಂಡೆ, ಮಡು, ಸುಳಿಗಳ ಹೆಸರುಗಳನ್ನೂ ಹರಿಗೋಲು ಹೆಣೆಯುವ ಕ್ರಮವನ್ನೂ ಬರೆದುಕೊಂಡು, ನಮ್ಮ ಶಾಲಾ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದು ಸಂಪಾದಕ ಮಂಡಳಿಯನ್ನು ವಿನಂತಿಸುತ್ತೇನೆ. ಅದಕ್ಕೆ ಬೇಕಾದ ಖರ್ಚನ್ನು ನಮ್ಮ ತಂಡದ ಹಳೆಯ ವಿದ್ಯಾರ್ಥಿಗಳು ಭರಿಸಲು ಸಿದ್ಧರಿದ್ದೇವೆ.