ಹೌದು, ಬಣ್ಣ ಜಾಸ್ತಿನೇ ಆಗಿದೆ

ನಮ್ಮನೆಗೆ ಬಂದವರು ಚಪ್ಪಲಿ ಬಿಡೋಕೆ ಮುಂಚೆ ಕೇಳೋದು ಒಂದೇ: "ಬಣ್ಣ ಸ್ವಲ್ಪ ಜಾಸ್ತಿ ಆಯ್ತೇನೋ?"

ಆ 'ಏನೋ' ಇದೆಯಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ. ಜಾಸ್ತಿ ಆಯ್ತು ಅಂತ ನೇರ ಹೇಳಿದರೆ ಕಾಫಿ ಕೊಟ್ಟು ಜಗಳ ಆಡಬಹುದು. 'ಏನೋ' ಅಂದವರ ಜೊತೆ ಏನಂತ ಜಗಳ ಆಡೋದು? ಇನ್ನು ಕೆಲವರು "ನಿಮ್ಮ ಧೈರ್ಯ ಮೆಚ್ಚಬೇಕು" ಅಂತಾರೆ. ಗೋಡೆಗೆ ಸುಣ್ಣ ಹೊಡೆಸಿದ್ದೀನಿ ಸ್ವಾಮಿ, ತೋಟದಿಂದ ಆನೆ ಓಡಿಸಿಲ್ಲ.

ಈ ಸುದ್ದಿ ಹಬ್ಬಿಸಿದ್ದು ನನ್ನ ಸೋದರಮಾವ. ಜಗಲಿಗೆ ಕೆಮ್ಮಣ್ಣಿನ ಕೆಂಪು, ನಡುಮನೆಗೆ ಅರಿಶಿನ, ಅಡುಗೆಮನೆಗೆ ನೀಲಿ. ಎರಡನೇ ಕೋಟು ಹೊಡೆದು ಇನ್ನೂ ಕುಂಚ ತೊಳೆದಿರಲಿಲ್ಲ, ಬಂದು ನಿಂತರು. "ಏನವ್ವಾ ಇದು, ತೇರಿಗೆ ಬಳಿದಂಗೆ ಬಳ್ಸಿದ್ದೀಯಲ್ಲ!" ಸುಣ್ಣದ ಬಣ್ಣ ಹಸಿ ಇದ್ದಾಗ ಕಣ್ಣಿಗೆ ಹೊಡೆಯುತ್ತೆ, ಒಣಗಿದ ಮೇಲೆ ಎಷ್ಟೋ ತಿಳಿಯಾಗುತ್ತೆ. ಅದು ಒಣಗೋವರೆಗೆ ಮಾವ ಕೂರಲಿಲ್ಲ. ಸಂಜೆಯೊಳಗೆ ಸಕಲೇಶಪುರದ ಅರ್ಧ ಪೇಟೆಗೆ ನಮ್ಮ ಗೋಡೆ ಗೊತ್ತಾಗಿತ್ತು.

ಇದರ ಜೊತೆಗೆ ಕೌದಿ, ಕರಿ ಕಂಬಳಿ, ಬೆತ್ತದ ಬುಟ್ಟಿ, ಕಾಫಿ ಗಿಡದ ಬೊಡ್ಡೆಯ ಮೇಲೆ ಕೂರಿಸಿದ ಟೀಪಾಯಿ. "ಒಂದು ಗೋಡೆನಾದ್ರೂ ಖಾಲಿ ಬಿಡಬಾರದಿತ್ತಾ?" ಬೇಲೂರು, ಹಳೇಬೀಡಿನಲ್ಲಿ ಬೆರಳಿಡೋಕೆ ಜಾಗ ಬಿಡದೆ ಕೆತ್ತಿದ ಜಿಲ್ಲೆಯಲ್ಲಿ ಕೂತು ನನಗೆ ಈ ಮಾತು! (ಕೌದಿ ವಿಚಾರದಲ್ಲಿ ಮಾತ್ರ ಸೋತಿದ್ದೀನಿ. ಜೂನ್ ಬಂದರೆ ಎಲ್ಲ ಒದ್ದೆ ನಾಯಿ ವಾಸನೆ. ಮಡಚಿ ಒಲೆ ಮೇಲಿನ ಅಟ್ಟಕ್ಕೆ ಸೇರಿಸಬೇಕು.)

ನೀವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ಇಷ್ಟು ವರ್ಷ ಈ ಮನೆ ಕೆನೆ ಬಣ್ಣದಲ್ಲಿತ್ತಲ್ಲ, ಅದು ಯಾಕೆ? ಅದನ್ನ ಒಬ್ಬರೂ ಕೇಳಲಿಲ್ಲ.

1996ರಲ್ಲಿ ಅಕ್ಕನ ಮದುವೆ. ತಿಳಿ ಗೋಡೆ ಇದ್ರೆ ವಿಡಿಯೋ ಚೆನ್ನಾಗಿ ಬರುತ್ತೆ ಅಂತ ವಿಡಿಯೋದವನು ಹೇಳಿದ. ಅಪ್ಪ ಸುಣ್ಣದ ಗೋಡೆ ಮೇಲೇ ಕೆನೆ ಬಣ್ಣದ ಎಮಲ್ಷನ್, ಅಂದ್ರೆ ಡಬ್ಬಿಯ ಪ್ಲಾಸ್ಟಿಕ್ ಪೇಂಟ್, ಹೊಡೆಸಿದರು. ಸುಣ್ಣ ಉಸಿರಾಡುತ್ತೆ, ಒಳಗಿನ ತೇವ ಹೊರಗೆ ಬಿಡುತ್ತೆ. ಎಮಲ್ಷನ್ ಅದರ ಬಾಯಿ ಮುಚ್ಚಿತು. ಅಲ್ಲಿಂದ ಪ್ರತಿ ಮಳೆಗಾಲಕ್ಕೂ ಗೋಡೆ ಹಪ್ಪಳದ ಹಾಗೆ ಎದ್ದು ಬೀಳೋದು, ಹಿಂದೆ ಬೂಷ್ಟು. ಎಮಲ್ಷನ್ ಮೇಲೆ ಸುಣ್ಣ ಹಿಡಿಯಲ್ಲ, ಹಾಗಾಗಿ ಈ ಸಲ ಪೂರ್ತಿ ಕೆರೆಸಬೇಕಾಯ್ತು. ಕೆನೆ ಕೆಳಗೆ ಒಂದು ಹಸಿರು ಬಂತು. ಹಸಿರಿನ ಕೆಳಗೆ ಅಡುಗೆಮನೆಯಲ್ಲಿ ನೀಲಿ, ಜಗಲಿಯಲ್ಲಿ ಕೆಂಪು. ನಾನು ಆರಿಸಿದ್ದು ಅರಿಶಿನ ಒಂದೇ. ಉಳಿದದ್ದು ಅಜ್ಜಿಯದು, ಧೈರ್ಯ ಮೆಚ್ಚೋದಿದ್ದರೆ ಅವಳದನ್ನ ಮೆಚ್ಚಿ.

ಆ ಮದುವೆ ಕ್ಯಾಸೆಟ್ ಹೋದ ತಿಂಗಳು ಅಟ್ಟದಲ್ಲಿ ಸಿಕ್ಕಿತು. ಟೇಪಿನ ತುಂಬ ಬೂಷ್ಟು, ಓಡಲ್ಲ.