ಬಿಡುವಾಗಲೋ, ಬಿಟ್ಟಾಗಲೋ: ಕದನ ನಿಯಮಗಳ ಕನ್ನಡ ಹಾಳೆ, ಇಲ್ಲಿಯವರೆಗೆ

ಮೊದಲ ಕರಡು

ನಾಲ್ಕು ಪುಟದ ಹಾಳೆ ಈ ಭಾನುವಾರ ಮೊದಲ ಬಾರಿಗೆ ಆಟದ ಮೇಜಿಗೆ ಬಂತು. ಮುಕ್ಕಾಲು ಗಂಟೆ ಬಾಳಿತು. ಆಮೇಲೆ ಒಂದೇ ಒಂದು ಪದದ ಮೇಲೆ ಜಗಳ ಹತ್ತಿ, ಆಟ ನಿಂತು, ಮಿರ್ಚಿ ತಣ್ಣಗಾದವು.

ಹಿನ್ನೆಲೆ ಚಿಕ್ಕದು. ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ವರು ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತೇವೆ: ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಅದರೊಳಗಿನ ಪಾತ್ರಗಳಾಗಿ ಏನು ಮಾಡುತ್ತೇವೆಂದು ಹೇಳುತ್ತಾರೆ, ಫಲವನ್ನು ದಾಳ ತೀರ್ಮಾನಿಸುತ್ತದೆ. ಕಥೆ ನಡೆಸುವವನು ನಾನು. ಅಕ್ಕ, ಅವಳ ಮಗ, ಪಕ್ಕದ ಮನೆಯ ನಿವೃತ್ತ ದೈಹಿಕ ಶಿಕ್ಷಕರು, ಈ ಮೂವರು ಪಾತ್ರಧಾರಿಗಳು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟವಿದು. ನಾವು ಹಿಡಿದಿರುವುದು ಐದನೇ ಆವೃತ್ತಿಯ 2014ರ ನಿಯಮಗಳನ್ನು. ಅವುಗಳ ತಿರುಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿದ್ದಾರೆ, ಹಾಗಾಗಿ ಮೂಲವನ್ನು ಹೆಸರಿಸಿ ಕನ್ನಡಕ್ಕೆ ತಂದುಕೊಳ್ಳಲು ಅಡ್ಡಿಯಿಲ್ಲ. ಅಕ್ಕನಿಗೂ ಮಾಸ್ತರರಿಗೂ ಕಥೆ ನೀರು ಕುಡಿದಷ್ಟು ಸಲೀಸು. ಕತ್ತಿ ಒರೆಯಿಂದ ಹೊರಬಂದ ಕೂಡಲೇ ಇಂಗ್ಲಿಷ್ ನಿಯಮಗಳು ಕಾಲಿಗೆ ತೊಡರುತ್ತವೆ. ಅದಕ್ಕೇ ಈ ಹಾಳೆ.

ಕಥೆಯನ್ನು ನಮ್ಮೂರಿಗೇ ತಂದಿದ್ದೇನೆ. ಗೋಳಗುಮ್ಮಟ ಕಟ್ಟಿ ಮುಗಿದ 1656ರ ಆಸುಪಾಸಿನ ಆದಿಲ್‌ಶಾಹಿ ರಾಜಧಾನಿ, ಜೊತೆಗೆ ಒಂದಿಷ್ಟು ಮಂತ್ರವಾದಿಗಳು. ಇತಿಹಾಸದವರು ಕ್ಷಮಿಸಬೇಕು.

ಪದಗಳು ಸುಲಭವಾಗಿ ಸಿಕ್ಕವು ಎಂದುಕೊಂಡಿದ್ದೆ. ಎಲ್ಲರೂ ಒಮ್ಮೆ ಆಡಿ ಮುಗಿಸಿದರೆ ಒಂದು ಸುತ್ತು. ಒಬ್ಬೊಬ್ಬರದು ಒಂದು ಪಾಳಿ. ಯಾರ ಪಾಳಿ ಮೊದಲು ಎಂಬುದನ್ನು ಇಪ್ಪತ್ತು ಮುಖದ ದಾಳ ಉರುಳಿಸಿ, ಚುರುಕುತನದ ಅಂಕ ಕೂಡಿಸಿ ತಿಳಿಯುತ್ತೇವೆ, ಅದು ಪಾಳಿಯೆಣಿಕೆ; ಹೆಚ್ಚು ಬಂದವರದು ಮೊದಲು. ಪಾಳಿ ಬಂದಾಗ ಒಂದಿಷ್ಟು ಅಡಿ ಓಡಾಟ, ಒಂದು ಮುಖ್ಯನಡೆ, ಪಾತ್ರಕ್ಕೆ ಅನುಮತಿ ಇದ್ದರೆ ಒಂದು ಕಿರುನಡೆ. ಇನ್ನೊಬ್ಬರ ಪಾಳಿಯ ನಡುವೆ ನುಗ್ಗಿ ಮಾಡುವುದಕ್ಕೆ ಮೊದಲು ‘ಪ್ರತಿಕ್ರಿಯೆ’ ಎಂದು ಬರೆದಿದ್ದೆ. ಅದನ್ನು ಓದಿದರೆ ಸಚಿವರೊಬ್ಬರು ಪತ್ರಕರ್ತರಿಗೆ ಏನೋ ಹೇಳುತ್ತಿರುವಂತೆ ಅನ್ನಿಸುತ್ತಿತ್ತು. ಹೊಡೆದುಹಾಕಿ ‘ಮರುನಡೆ’ ಎಂದು ಮಾಡಿದೆ. ಒಮ್ಮೆ ಬಳಸಿದರೆ ಮುಗಿಯಿತು, ತನ್ನ ಮುಂದಿನ ಪಾಳಿ ಶುರುವಾಗುವಾಗ ಮರಳಿ ಬರುತ್ತದೆ.

ಜಗಳ ಹತ್ತಿದ್ದು ಬೆನ್ನೇಟಿನ ನಿಯಮದಲ್ಲಿ. ಮಾಸ್ತರರ ಎದುರಿದ್ದ ದರೋಡೆಕೋರ ಹಿಂದೆ ಸರಿದು ಓಡಿದ. ಹಾಳೆಯಲ್ಲಿ ನಾನು ಬರೆದಿದ್ದು: ‘ವೈರಿಯು ನಿಮ್ಮ ಕೈಯಳತೆಯನ್ನು ಬಿಟ್ಟಾಗ ಮರುನಡೆಯಾಗಿ ಒಂದು ಏಟು ಹಾಕಬಹುದು.’

“ಬಿಟ್ಟಾಗ ಎಂದರೆ ಬಿಟ್ಟಾಯಿತಲ್ಲ,” ಎಂದಳು ಅಕ್ಕ. “ಐದಡಿ ಆಚೆ ಹೋದವನಿಗೆ ಕತ್ತಿ ಮುಟ್ಟುವುದಾದರೂ ಹೇಗೆ?”

ಅಳಿಯ ಮೊಬೈಲಿನಲ್ಲಿ ಮೂಲ ತೆಗೆದ. ಅಲ್ಲಿ ಮೊದಲ ಸಾಲಿನಲ್ಲಿ ಬರೀ ‘ವೆನ್’ ಇದೆ. ಮುಂದೆ ಓದಿದರೆ, ವೈರಿ ಕೈಯಳತೆಯಿಂದ ಹೊರಬೀಳುವುದಕ್ಕೆ ತುಸು ಮುಂಚೆ ಏಟು ಬೀಳುತ್ತದೆ ಎಂದು ಸ್ಪಷ್ಟವಾಗಿದೆ. “ಮಾಮಾ, ಬಿಟ್ಟಾಗ ಅಲ್ಲ, ಬಿಡುವ ಮುನ್ನ,” ಎಂದ. ಮಾಸ್ತರರಿಗೆ ಇದು ಕಬಡ್ಡಿಯಾಗಿಯೇ ಕಂಡಿತು. ದಾಳಿಗೆ ಬಂದವನು ನಡುಗೆರೆ ಮುಟ್ಟಿದ ಮೇಲೆ ಅವನ ಕಾಲು ಹಿಡಿದು ಏನು ಮಾಡುತ್ತೀರಿ, ತಿರುಗಿದವನು ಗೆರೆ ಮುಟ್ಟುವ ಮುನ್ನ ಹಿಡಿಯಬೇಕು ಎಂದರು. ಅಲ್ಲಿಗೆ ತೀರ್ಪಾಯಿತು.

ಎರಡನೇ ಕರಡು

ಹಾಳೆಯನ್ನು ಪೂರ್ತಿ ಹರಿದು ಹೊಸದಾಗಿ ಬರೆಯುತ್ತಿದ್ದೇನೆ. ತಪ್ಪು ಒಂದು ಸಾಲಿನದಲ್ಲ. ಇಂಗ್ಲಿಷಿನ ‘ವೆನ್’ ಒಂದೇ ಅಂಗಿಯಲ್ಲಿ ನಾಲ್ಕು ಜನರನ್ನು ಮುಚ್ಚಿಟ್ಟಿದೆ. ಕನ್ನಡದಲ್ಲಿ ಆ ಅನುಕೂಲವಿಲ್ಲ: ಬಿಡುವ ಮುನ್ನ, ಬಿಡುವಾಗ, ಬಿಟ್ಟಾಗ, ಬಿಟ್ಟ ಮೇಲೆ ಎಂಬವುಗಳಲ್ಲಿ ಒಂದನ್ನು ಆರಿಸದೆ ವಾಕ್ಯವೇ ಮುಗಿಯುವುದಿಲ್ಲ. ಮೊದಲು ಇದು ಅನುವಾದಕನ ಕಷ್ಟ ಎಂದು ಗೊಣಗಿದ್ದೆ. ಈಗ ನೋಡಿದರೆ ಮೂಲದಲ್ಲಿ ಪುಟಗಟ್ಟಲೆ ಹುಡುಕಬೇಕಾದ ಉತ್ತರ ಇಲ್ಲಿ ಕ್ರಿಯಾಪದದ ಬಾಲದಲ್ಲೇ ಕುಳಿತಿರುತ್ತದೆ.

ಎದುರಾಳಿಯ ಮಂತ್ರವನ್ನು ಮುರಿಯುವ ಮಂತ್ರ, ಅವನು ‘ಪಠಿಸುತ್ತಿರುವಾಗ’. ಪಠಿಸಿ ಮುಗಿದ ಮೇಲೆ ಬೆಂಕಿಯ ಉಂಡೆ ಹೊರಟಿರುತ್ತದೆ, ಆಗ ಏನೂ ನಡೆಯದು. ಗುರಾಣಿ ಮಂತ್ರ ಮಾತ್ರ ತಲೆ ತಿನ್ನುತ್ತದೆ: ಏಟು ‘ತಗುಲಿದಾಗ’ ಹಾಕಬೇಕು, ಹಾಕಿದರೆ ಅದೇ ಏಟು ತಗುಲದೆ ಹೋಗಬಹುದು. ಅಕ್ಕನ ರಕ್ಷಣೆಯ ಅಂಕ 14, ನನ್ನ ದಾಳ ಎಲ್ಲ ಕೂಡಿ 17. ತಗುಲಿತು ಎಂದೆ. ಅವಳು ಗುರಾಣಿ ಎಂದಳು. ರಕ್ಷಣೆಗೆ ಐದು ಕೂಡಿ 19 ಆಯಿತು, ತಗುಲಲಿಲ್ಲ. “ತಗುಲಿದ್ದು ತಗುಲಲಿಲ್ಲವಾದರೆ ತಿಂದ ರೊಟ್ಟಿಯೂ ಬುಟ್ಟಿಗೆ ಮರಳಲಿ,” ಎಂದು ನಕ್ಕಳು. ಹಾಳೆಯಲ್ಲಿ ‘ದಾಳದ ಲೆಕ್ಕದಲ್ಲಿ ಏಟು ಕೂಡಿಬಂದಾಗ, ಪೆಟ್ಟು ಎಣಿಸುವ ಮುನ್ನ’ ಎಂದು ಹಾಕಿದ್ದೇನೆ. ಉದ್ದವಾಯಿತು, ಇರಲಿ. ಜೊತೆಗೆ ನಾನೂ ಒಂದು ಅಭ್ಯಾಸ ಮಾಡಿಕೊಂಡೆ. ಮೊತ್ತ ಹೇಳಿ ಒಂದು ಉಸಿರು ನಿಲ್ಲುತ್ತೇನೆ, ಪೆಟ್ಟಿನ ದಾಳವನ್ನು ಆಮೇಲೆ ಮುಟ್ಟುತ್ತೇನೆ.

ಒಂದು ಸುತ್ತು ಆರು ಸೆಕೆಂಡ್ ಎಂಬುದನ್ನು ಅಕ್ಕ ನಂಬಲಿಲ್ಲ. ಒಲೆಯ ಮುಂದೆ ಮೊಬೈಲ್ ಗಡಿಯಾರ ಹಿಡಿದು ನೋಡಿದೆವು. ಆರು ಸೆಕೆಂಡಿನಲ್ಲಿ ಹೆಂಚಿನ ಮೇಲಿನ ರೊಟ್ಟಿಗೆ ನೀರು ಹಚ್ಚಿ ತಿರುವಬಹುದು, ರೊಟ್ಟಿ ಬಡಿಯಲು ಸುತ್ತುಗಳೇ ಬೇಕು. ಹಳೆಯ ‘ಅಡ್ವಾನ್ಸ್ಡ್’ ಆವೃತ್ತಿಯಲ್ಲಿ ಒಂದು ಸುತ್ತಿಗೆ ಒಂದು ನಿಮಿಷ, ಅದನ್ನು ಆರಾರು ಸೆಕೆಂಡಿನ ಹತ್ತು ತುಂಡು ಮಾಡಿದ್ದರು. ‘ಗರ್ಪ್ಸ್’ ಎಂಬ ಇನ್ನೊಂದು ಪದ್ಧತಿಯಲ್ಲಿ ಪಾಳಿಗೆ ಒಂದೇ ಸೆಕೆಂಡ್. ಇವನ್ನು ಹೇಳಿದ್ದಕ್ಕೆ ಮಾಸ್ತರರು ಆರೇ ಇರಲಿ ಎಂದರು.

ತೋಪಿನ ದಿನ

ಇದನ್ನು ವಿವರವಾಗಿ ಬರೆಯಬೇಕು, ಏಕೆಂದರೆ ಹಾಳೆಯ ಅತಿ ಕಷ್ಟದ ಭಾಗ ಹುಟ್ಟಿದ್ದೇ ಇಲ್ಲಿ.

ಶೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪನ್ನು ನೋಡದವರಿಲ್ಲ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್. ಅದನ್ನು ಹಾರಿಸುವವನು ಬತ್ತಿ ಹಚ್ಚಿದೊಡನೆ ಪಕ್ಕದ ನೀರಿನ ತೊಟ್ಟಿಗೆ ಧುಮುಕಿ ಕಿವಿ ಉಳಿಸಿಕೊಳ್ಳುತ್ತಿದ್ದನೆಂದು ಊರಿನಲ್ಲಿ ಹೇಳುತ್ತಾರೆ. ಅಳಿಯನ ಪಾತ್ರ ಇದೇ ತೋಪಿನ ಗೋಲಂದಾಜ. ಮೂವತ್ತಡಿ ಓಡಾಟವನ್ನೆಲ್ಲ ಮೆಟ್ಟಿಲು ಹತ್ತಲು ಸುರಿದ, ಮುಖ್ಯನಡೆಯಲ್ಲಿ ಬತ್ತಿ ಹಚ್ಚಿದ, ಆಮೇಲೆ ಗತ್ತಿನಿಂದ, “ಹೊಂಚು ಹಾಕುತ್ತೇನೆ. ತೋಪು ಹಾರುವ ಮುನ್ನ ನೀರಿಗೆ ಬೀಳುತ್ತೇನೆ,” ಎಂದ.

ಎರಡು ಕಡೆ ತಪ್ಪು. ಹೊಂಚು ಎಂದರೆ ಇಂಥದ್ದು ನಡೆದರೆ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಹೇಳಿ ಕಾಯುವುದು, ಅದೇ ಒಂದು ಮುಖ್ಯನಡೆ. ಅದು ಬತ್ತಿಗೆ ಖರ್ಚಾಗಿತ್ತು. ಇನ್ನೊಂದು ತಪ್ಪು ಸೂಕ್ಷ್ಮವಾದದ್ದು. ಹೊಂಚು ಹಾಕುವವನು ಕಣ್ಣಿಗೋ ಕಿವಿಗೋ ಸಿಗುವ ಒಂದು ಕುರುಹನ್ನು ಹೇಳಬೇಕು, ಆ ಕುರುಹು ಪೂರ್ತಿ ನಡೆದ ಮೇಲೆ ಮರುನಡೆ ಬರುತ್ತದೆ. ಬೆನ್ನೇಟು ‘ಮುನ್ನ’ದ್ದು, ಹೊಂಚು ‘ಮೇಲೆ’ಯದು. ಹಾಗಿರುವಾಗ ‘ತೋಪು ಹಾರುವುದು’ ಕುರುಹಾದರೆ ನೀರಿಗೆ ಬೀಳುವ ಹೊತ್ತಿಗೆ ಕಿವಿ ಹೋಗಿರುತ್ತದೆ. ‘ಬತ್ತಿಯ ಕಿಡಿ ಮದ್ದಿನ ತೂತಿನ ಹತ್ತಿರ ಬರುವುದು’ ಎಂದಿದ್ದರೆ ನಡೆಯುತ್ತಿತ್ತು. ಹೆದರಿಕೆಯ ಘಟನೆಯನ್ನು ಬಿಟ್ಟು ಅದಕ್ಕೂ ಮೊದಲು ಕಾಣುವ ಯಾವುದಾದರೂ ಒಂದನ್ನು ಕುರುಹಾಗಿ ಹಿಡಿಯಿರಿ ಎಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಸೇರಿಸಿದೆ.

ತೋಪು ಯಾವಾಗ ಹಾರುತ್ತದೆ ಎಂಬುದಕ್ಕೆ ನಿಯಮವಿರಲಿಲ್ಲ. ದೊಡ್ಡ ಭೂತಗಳ ಬಿಡಾರ ತಾನೇ ಕೆಲಸ ಮಾಡುವುದು ಪಾಳಿಯೆಣಿಕೆ ಇಪ್ಪತ್ತಕ್ಕೆ ಎಂದು ಮೂಲದಲ್ಲಿದೆ. ಅದನ್ನೇ ಎರವಲು ತಂದು, ಹಚ್ಚಿದ ಬತ್ತಿ ಮುಂದಿನ ಸುತ್ತಿನ ಇಪ್ಪತ್ತಕ್ಕೆ ಹಾರಿಸುತ್ತದೆ ಎಂದು ಮನೆನಿಯಮ ಮಾಡಿದೆ. ಅಳಿಯನ ಎಣಿಕೆ 11. ಅವನ ಮುಂದಿನ ಪಾಳಿ ಬರುವಷ್ಟರಲ್ಲಿ ತೋಪು ಹಾರಿರುತ್ತದೆ. ಉಪಾಯ ಒಂದೇ: ಓಡಾಟವನ್ನು ಒಡೆದು ಬಳಸಲು ನಿಯಮ ಬಿಡುತ್ತದೆ, ಆದ್ದರಿಂದ ಇಪ್ಪತ್ತಡಿಯಲ್ಲಿ ತೋಪು ತಲುಪಿ, ಬತ್ತಿ ಹಚ್ಚಿ, ಉಳಿದ ಹತ್ತಡಿಯಲ್ಲಿ ತೊಟ್ಟಿ ಸೇರಬೇಕು. ಆ ದಿನ ಅವನ ಗೋಲಂದಾಜ ಕಿವುಡನಾದ.

ಗುಮ್ಮಟದಲ್ಲಿ ಒಂದು ಸಣ್ಣ ತೀರ್ಪು

ಪಿಸುಗುಟ್ಟುವ ಮೊಗಸಾಲೆಯ ಆಚೆ ಬದಿಯಲ್ಲಿ ವೈರಿ ಮಂತ್ರ ಪಠಿಸಿದ್ದು ಅಕ್ಕನಿಗೆ ಕಿವಿಯ ಪಕ್ಕದಲ್ಲೇ ಎಂಬಂತೆ ಕೇಳಿಸಿತು. ಮುರಿಯುತ್ತೇನೆ ಎಂದಳು. ಮಂತ್ರ ಮುರಿಯಲು ಪಠಿಸುವವನು ಅರವತ್ತಡಿಯೊಳಗೆ ಇರಬೇಕು, ಕಣ್ಣಿಗೆ ಕಾಣಬೇಕು. ಆ ಮೊಗಸಾಲೆಯ ಅಡ್ಡಳತೆ 120 ಅಡಿಗೂ ಹೆಚ್ಚು. ಕೇಳಿಸಿದ್ದರಿಂದ ಏನೂ ದಕ್ಕಲಿಲ್ಲ. ಆದರೆ ಹೊಂಚಿನ ಕುರುಹಿಗೆ ಕೇಳಿಸಿದ್ದೇ ಸಾಕಲ್ಲ ಎಂದು ಅಳಿಯ ಹೇಳಿದಾಗ ಒಪ್ಪಿದೆ. ಹುಡುಗ ಮೂಲವನ್ನು ನನಗಿಂತ ಚೆನ್ನಾಗಿ ಓದಿಕೊಂಡಿದ್ದಾನೆ.

ಮೂರನೇ ಕರಡು, ಎರಡು ಪುಟ

ಝೆರಾಕ್ಸ್ ಮಾಡಿಸಿ ನಾಲ್ವರಿಗೂ ಹಂಚಿದೆ. ಕಳೆದ ಭಾನುವಾರ ಮತ್ತೆ ಬುರುಜು, ಮತ್ತೆ ಅದೇ ತೋಪು. ಅಳಿಯನ ಎಣಿಕೆ ಮತ್ತೆ 11. ಈ ಸಲ ಅವನು ಹತ್ತಡಿ ಉಳಿಸಿಕೊಂಡ. ಬತ್ತಿ ಹಚ್ಚಿದ. ತೊಟ್ಟಿಯತ್ತ ಗೊಂಬೆಯನ್ನು ಜರುಗಿಸಿದ. ಅವನ ಪಕ್ಕದ ಚೌಕದಲ್ಲಿ ನನ್ನ ಸಿಪಾಯಿಯೊಬ್ಬ ಆಗಲೇ ಬಂದು ನಿಂತಿದ್ದ. ಏಟಿಲ್ಲದೆ ಬಿಡಿಸಿಕೊಂಡು ಹೋಗುವುದೂ ಒಂದು ಮುಖ್ಯನಡೆ; ಅದು ಬತ್ತಿಗೆ ಹೋಗಿತ್ತು. ನಾನು ಏನೂ ಹೇಳದೆ ಇಪ್ಪತ್ತು ಮುಖದ ದಾಳ ಕೈಗೆತ್ತಿಕೊಂಡೆ. ಹುಡುಗ ಹಾಳೆ ನೋಡಿ, ತಾನೇ ಗೆದ್ದುಕೊಂಡಿದ್ದ ಸಾಲನ್ನು ತಾನೇ ಓದಿದ: “ಬಿಡುವ ಮುನ್ನ.”

ದಾಳದಲ್ಲಿ 20 ಬಿತ್ತು. ಅವನ ಜೀವಾಂಕ ಸೊನ್ನೆಗಿಳಿಯಿತು. ‘ಬಿಟ್ಟಾಗ’ ಎಂಬ ನನ್ನ ಹಳೆಯ ತಪ್ಪು ಹಾಗೇ ಉಳಿದಿದ್ದರೆ ಮುಂದಿನ ಚೌಕಕ್ಕೆ ಜಾರಿದ ಮೇಲಾದರೂ ಬೀಳುತ್ತಿದ್ದ. ಈಗ ಬಿದ್ದದ್ದು ತೋಪಿನ ಬುಡದಲ್ಲೇ, ಉರಿಯುವ ಬತ್ತಿಯ ಪಕ್ಕದಲ್ಲಿ.

ಇಪ್ಪತ್ತಕ್ಕೆ ಮೊದಲು ಅಕ್ಕನದೊಂದು ಪಾಳಿ ಇದೆ, ಎಣಿಕೆ 7. ಅವಳಿಗೂ ಮಗನಿಗೂ ನಡುವೆ ನಲವತ್ತೈದು ಅಡಿ. ಮುಖ್ಯನಡೆಯನ್ನೂ ಓಟಕ್ಕೇ ಹಾಕಿದರೆ ಅವನನ್ನು ಮುಟ್ಟಬಹುದು. ಪ್ರಜ್ಞೆಯಿಲ್ಲದವನನ್ನು ಎಳೆದೊಯ್ಯುವ ನಿಯಮ ಹಾಳೆಗೆ ಇನ್ನೂ ಬಂದಿಲ್ಲ. ಅಳಿಯನಿಗೆ ಪರೀಕ್ಷೆ ಇರುವುದರಿಂದ ಹದಿನೈದು ದಿನ ಆಟವಿಲ್ಲ, ಅಷ್ಟರೊಳಗೆ ಬರೆದು ಮುಗಿಸಬೇಕು. ಅಕ್ಕ ಈಗಾಗಲೇ ಎರಡು ಸಲ ಫೋನ್ ಮಾಡಿ ಎಲ್ಲಿಗೆ ಬಂತು ಎಂದು ಕೇಳಿದ್ದಾಳೆ.