ಅಮೆರಿಕದ ಕೆಂಪು ವೈನ್: ಹೊರದೇಶದ ಅಂಗಡಿಯಲ್ಲಿ ಆರಿಸುವುದು ಹೇಗೆ

ಅಮೆರಿಕದ ಹೊರಗೆ ಸಿಗುವ ಅಮೆರಿಕದ ಕೆಂಪು ವೈನ್‌ಗಳಲ್ಲಿ ಒಳ್ಳೆಯದೂ ಇದೆ, ಸಕ್ಕರೆ ಪಾನಕದಂಥದ್ದೂ ಇದೆ. ಎರಡನ್ನೂ ಬೇರ್ಪಡಿಸುವ ಹೆಚ್ಚಿನ ಸುಳಿವು ಲೇಬಲ್ಲಿನ ಸಣ್ಣಕ್ಷರಗಳಲ್ಲಿದೆ.

ಮೊದಲು ಊರಿನ ಹೆಸರು ನೋಡಿ. ‘ಕ್ಯಾಲಿಫೋರ್ನಿಯಾ’ ಎಂದಷ್ಟೇ ಇದ್ದರೆ ದ್ರಾಕ್ಷಿ ಆ ರಾಜ್ಯದ ಯಾವ ಮೂಲೆಯದಾದರೂ ಆಗಬಹುದು. ನಾಪಾ ವ್ಯಾಲಿ, ಪಾಸೊ ರೋಬಲ್ಸ್‌ನಂಥ ಗಡಿ ಗುರುತಿಸಿದ ಪ್ರದೇಶದ (ಎವಿಎ) ಹೆಸರು ಹಾಕಬೇಕಾದರೆ ಕನಿಷ್ಠ ಶೇ. 85 ದ್ರಾಕ್ಷಿ ಅಲ್ಲಿಯದೇ ಇರಬೇಕು. ದ್ರಾಕ್ಷಿ ತಳಿಯ ಹೆಸರಿಗೆ ಮಾತ್ರ ಶೇ. 75 ಸಾಕು, ಉಳಿದ ಕಾಲುಭಾಗ ಬೇರೆ ತಳಿ ಇರಬಹುದು. ಆರೆಗನ್ ರಾಜ್ಯ ಇನ್ನೂ ಬಿಗಿ: ಅಲ್ಲಿಯ ಪಿನೋ ನ್ವಾರ್‌ನಲ್ಲಿ ಶೇ. 90 ಅದೇ ತಳಿ ಇರಲೇಬೇಕು. ಪಿನೋ ಬೇಕಿದ್ದರೆ ನಾನು ಮೊದಲು ಕೈಚಾಚುವುದು ಅಲ್ಲಿಯ ವಿಲಾಮೆಟ್ ವ್ಯಾಲಿಗೇ. ಜಿನ್‌ಫಂಡೆಲ್ ತಳಿಗೆ ಕ್ಯಾಲಿಫೋರ್ನಿಯಾದ ಡ್ರೈ ಕ್ರೀಕ್ ವ್ಯಾಲಿ, ಲೋಡಾಯ್.

ಪ್ರದೇಶ ಕಿರಿದಾದಷ್ಟೂ ಒಳ್ಳೆಯದು. ಕ್ಯಾಲಿಫೋರ್ನಿಯಾದ ಸೊನೋಮಾ ಕೋಸ್ಟ್ ಗಡಿ ಎಷ್ಟು ವಿಶಾಲವೆಂದರೆ ಸಮುದ್ರದ ತಂಪು ಎಲ್ಲ ತೋಟಗಳಿಗೂ ಒಂದೇ ರೀತಿ ತಟ್ಟುವುದಿಲ್ಲ; ಅದಕ್ಕೇ 2022ರಲ್ಲಿ ಅದರೊಳಗಿನ ವೆಸ್ಟ್ ಸೊನೋಮಾ ಕೋಸ್ಟ್ ಬೇರೆಯೇ ಎವಿಎ ಆಯಿತು.

ಆಮೇಲೆ ತಯಾರಕರ ಸಾಲು. ‘ಎಸ್ಟೇಟ್ ಬಾಟ್ಲ್ಡ್’ ಎಂದರೆ ದ್ರಾಕ್ಷಿಯೆಲ್ಲ ವೈನರಿಯ ಹಿಡಿತದ ತೋಟದ್ದು. ‘ಪ್ರೊಡ್ಯೂಸ್ಡ್ ಆ್ಯಂಡ್ ಬಾಟ್ಲ್ಡ್ ಬೈ’ ಎಂದರೆ ಕನಿಷ್ಠ ಶೇ. 75 ಹುದುಗಿಸಿದ್ದು ಅವರೇ. ‘ಸೆಲರ್ಡ್’, ‘ವಿಂಟೆಡ್’ ಎಂದಿದ್ದರೆ ಬೇರೆಯವರು ಮಾಡಿದ ವೈನನ್ನು ಕೊಂಡು ತುಂಬಿಸಿರಲೂಬಹುದು. ‘ರಿಸರ್ವ್’, ‘ಓಲ್ಡ್ ವೈನ್ಸ್’ (Old Vines, ಹಳೆಯ ಬಳ್ಳಿ) ಪದಗಳಿಗೆ ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. ಅವಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

‘ರೆಡ್ ಬ್ಲೆಂಡ್’ (ಹಲವು ತಳಿ ಬೆರೆಸಿದ ಕೆಂಪು ವೈನ್) ಎಂದಷ್ಟೇ ಇರುವ ಅಗ್ಗದ ಬಾಟಲಿಗಳಲ್ಲಿ ಎಷ್ಟೋ ಸಲ ಸಿಹಿ ಉಳಿಸಿರುತ್ತಾರೆ, ಲೇಬಲ್ ಅದನ್ನು ಹೇಳುವುದಿಲ್ಲ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಾದರೆ ಇದಕ್ಕೊಂದು ದಾರಿ ಇದೆ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನ್‌ಗೆ, ಆಮದಾಗಿದ್ದರೂ, ಪೋಷಕಾಂಶದ ವಿವರ ಕಡ್ಡಾಯ; ಸಾಮಾನ್ಯವಾಗಿ ಕ್ಯೂಆರ್ ಕೋಡ್‌ನಲ್ಲಿರುತ್ತದೆ. ಹಾಗಾಗಿ 2024ರ ಫಸಲಿನಿಂದೀಚೆಗೆ ಫೋನ್ ಹಿಡಿದು ನೋಡಬಹುದು. ಅಲ್ಲಿ ಕೊಡುವ ಸಕ್ಕರೆ 100 ಮಿಲಿಗೆ. ಹತ್ತರಿಂದ ಗುಣಿಸಿದರೆ ಲೀಟರ್ ಲೆಕ್ಕ. ಲೀಟರಿಗೆ 4 ಗ್ರಾಂ ಒಳಗಿದ್ದರೆ ಒಣ, ಅಂದರೆ ಸಿಹಿಯಿಲ್ಲದ, ವೈನ್. 10 ದಾಟಿದರೆ ಸಿಹಿ ನಾಲಗೆಗೆ ತಿಳಿಯುತ್ತದೆ.

ಆಲ್ಕೋಹಾಲ್ ಅಂಕಿಯನ್ನೂ ಪೂರ್ತಿ ನಂಬಬೇಡಿ. ಶೇ. 14 ಮೀರಿದ ವೈನ್‌ಗೆ ಅಮೆರಿಕದ ನಿಯಮ 1 ಅಂಶದ ಹೆಚ್ಚುಕಡಿಮೆ ಬಿಡುತ್ತದೆ, 14.5 ಎಂದು ಬರೆದದ್ದು 15.5 ಇರಬಹುದು.

2020ರ ನಾಪಾ, ಸೊನೋಮಾ ಕೆಂಪು ವೈನ್ ಕಡಿಮೆ ಬೆಲೆಗೆ ಕಂಡರೆ ತಯಾರಕರನ್ನು ವಿಚಾರಿಸದೆ ಕೊಳ್ಳಬೇಡಿ. ಆ ವರ್ಷ ಆಗಸ್ಟ್, ಸೆಪ್ಟೆಂಬರ್‌ನ ಕಾಡ್ಗಿಚ್ಚಿನ ಹೊಗೆ ಹಣ್ಣಿಗೆ ಹಿಡಿಯಿತು. ಹೊಗೆಯ ಅಂಶ ಹಣ್ಣಿನ ಸಕ್ಕರೆಗೆ ಅಂಟಿಕೊಂಡು ಅಡಗಿರುತ್ತದೆ. ಹುದುಗುವಾಗಲೂ, ಬಾಟಲಿಯಲ್ಲಿ ಇಟ್ಟಷ್ಟು ಕಾಲವೂ ಬಿಡುಗಡೆಯಾಗುತ್ತ ಬೂದಿಯ ರುಚಿ ಕೊಡುತ್ತದೆ. ಕೆಂಪು ವೈನನ್ನು ಸಿಪ್ಪೆಯೊಂದಿಗೇ ಹುದುಗಿಸುವುದರಿಂದ ಅದಕ್ಕೇ ಏಟು ಹೆಚ್ಚು. ಹಲವು ವೈನರಿಗಳು ಆ ವರ್ಷದ ಕೆಂಪು ವೈನನ್ನು ಬಿಡುಗಡೆಯೇ ಮಾಡಲಿಲ್ಲ.

ಕೊನೆಗೆ ಬಾಟಲಿಯನ್ನೇ ನೋಡಿ. ಸಾಗರ ದಾಟುವಾಗ ಕಂಟೇನರ್ ಕಾದರೆ ವೈನ್ ಹಿಗ್ಗಿ ಬಿರಡೆಯನ್ನು ಮೇಲೆ ತಳ್ಳುತ್ತದೆ. ಬಿರಡೆ ಉಬ್ಬಿದ್ದರೆ, ಮುಚ್ಚಳದ ಕೆಳಗೆ ಅಂಟು ಜಿನುಗಿದ್ದರೆ, ಅಕ್ಕಪಕ್ಕದ ಬಾಟಲಿಗಳಿಗಿಂತ ಮಟ್ಟ ಇಳಿದಿದ್ದರೆ ಅದನ್ನು ಅಲ್ಲೇ ಬಿಡಿ.